ಉಪಾಹಾರಗೃಹದ ಸರಳತೆ

ಅನ್ನವನ್ನು ಮಾರಬಾರದೆಂಬುದು ಈ ನಾಡಿನ ಹಿರಿಯರ ಮತ. ಹಸಿದು ಬಂದವನಿಗೆ ಛತ್ರದಲ್ಲಿ ಎಲೆ ಹಾಕುವುದು, ಮಠದಲ್ಲಿ ದಾಸೋಹ ನಡೆಸುವುದು, ಬೇಸಗೆಯ ದಾರಿಯಲ್ಲಿ ಅರವಟ್ಟಿಗೆಯಿಟ್ಟು ನೀರುಮಜ್ಜಿಗೆ ಕೊಡುವುದು ಗೃಹಸ್ಥಧರ್ಮವೆಂದು ಅವರು ತಿಳಿದಿದ್ದರು. ತುಮಕೂರಿನ ಮಗ್ಗುಲಲ್ಲಿರುವ ಸಿದ್ಧಗಂಗೆಯಲ್ಲಿ ಸಾವಿರಾರು ಮಂದಿ ವಿದ್ಯಾರ್ಥಿಗಳು ಇಂದಿಗೂ ದಿನವಹಿ ಉಣ್ಣುತ್ತಿರುವುದು ಆ ಮತವು ಬರಿಯ ಬಾಯಿಮಾತಲ್ಲವೆಂಬುದಕ್ಕೆ ಸಾಕ್ಷಿ. ಆದರೆ ರೈಲು ಬಂದು, ಕಚೇರಿಯೂ ಕಾರ್ಖಾನೆಯೂ ಕಾಲೇಜೂ ಜನರನ್ನು ಮನೆಯಿಂದ ದೂರಕ್ಕೆಳೆದ ಮೇಲೆ, ದಾನದ ಎಲೆಯೊಂದರಿಂದಲೇ ಎಲ್ಲರ ಹೊಟ್ಟೆಯೂ ತುಂಬದಾಯಿತು. ಆಗ ಹುಟ್ಟಿದ್ದು ಕಾಫಿ ಕ್ಲಬ್ಬು, ಫಲಾಹಾರಮಂದಿರ, ಉಪಾಹಾರಗೃಹ. ಹಿರಿಯರು ಅದನ್ನು ಕಂಡು ಮೂಗು ಮುರಿದರು. ಆದರೆ ಅದರಲ್ಲಿ ಒಂದು ಹೊಸ ಧರ್ಮವಿದ್ದುದು ಅವರ ಕಣ್ಣಿಗೆ ಬೀಳಲಿಲ್ಲ. ದಾನದ ಊಟವನ್ನು ಉಂಡವನು ಕೊಟ್ಟವನಿಗೆ ಋಣಿ; ತನ್ನ ಕಾಸನ್ನು ಕೊಟ್ಟು ಇಡ್ಲಿ ತಿಂದವನು ಯಾರಿಗೂ ಋಣಿಯಲ್ಲ. ಅವನು ಯಾರ ಮಗ, ಯಾವ ಊರು, ಯಾವ ಕುಲ ಎಂದು ಕೇಳಿಸಿಕೊಳ್ಳದೆ, ಬೆಂಚಿನ ಮೇಲೆ ಕುಳಿತು, ತಿಂದು, ತಲೆಯೆತ್ತಿ ಹೊರಟು ಹೋಗಬಹುದು. ಕಡಿಮೆ ಆದಾಯದ ಮನುಷ್ಯನಿಗೆ ಪಟ್ಟಣವು ಕೊಟ್ಟ ಮರ್ಯಾದೆಗಳಲ್ಲಿ ಇದು ಚಿಕ್ಕದಲ್ಲ.

ಈ ಮರ್ಯಾದೆಯು ಈಗ ಎರಡು ಕಡೆಯಿಂದ ಪೆಟ್ಟು ತಿನ್ನುತ್ತಿದೆ. ಒಂದು ಕಡೆ ಸುಧಾರಕರು: ಹಳೆಯ ಹೋಟೆಲಿಗೆ ಕನ್ನಡಿಯ ಗೋಡೆ, ತಂಪು ಹವೆಯ ಯಂತ್ರ, ಮೆತ್ತೆಯ ಕುರ್ಚಿ, ನೂರು ತಿಂಡಿಯ ಪಟ್ಟಿ ಇವು ಬಂದ ಹೊರತು ಅದು ನಾಗರಿಕವಲ್ಲವೆನ್ನುವವರು. ಇನ್ನೊಂದು ಕಡೆ ಸ್ತುತಿಪಾಠಕರು: ಹಳೆಯ ಹೋಟೆಲಿನ ಹೊಗೆ ಹಿಡಿದ ಗೋಡೆಯನ್ನೂ ಸವೆದ ಮೇಜನ್ನೂ ಕೊಂಡಾಡಿ, ಅಲ್ಲಿಯ ದೋಸೆಗೆ ಎರಡು ರೂಪಾಯಿ ಏರಿದ ದಿನ ಮಾತ್ರ ಮುಖ ಗಂಟಿಕ್ಕುವವರು. ಮೊದಲನೆಯವರು ಸರಳತೆಯನ್ನು ದಾರಿದ್ರ್ಯವೆಂದು ತಿಳಿದಿರುವರು. ಎರಡನೆಯವರು ದಾರಿದ್ರ್ಯವನ್ನೇ ಸರಳತೆಯೆಂದು ತಿಳಿದಿರುವರು. ಇಬ್ಬರ ತಪ್ಪೂ ಒಂದೇ ಬೇರಿನದು. ಆ ಬೇರನ್ನು ಕಿತ್ತು ತೋರಿಸುವುದು ಅವಶ್ಯ.

ಸರಳತೆ ಎಂದರೇನೆಂಬುದನ್ನು ಮೊದಲು ನಿಶ್ಚಯಿಸಬೇಕು. ಬೆಂಗಳೂರಿನ ಶಂಕರಪುರದಲ್ಲಿ ೧೯೬೫ರಲ್ಲಿ ಆರಂಭವಾದ ಬ್ರಾಹ್ಮಿನ್ಸ್ ಕಾಫಿ ಬಾರ್ ಎಂಬ ಪುಟ್ಟ ಅಂಗಡಿಯು ಇಡ್ಲಿ, ವಡೆ, ಖಾರಾಬಾತು, ಕೇಸರೀಬಾತು, ಕಾಫಿ, ಟೀ ಇಷ್ಟರಿಂದಲೇ ಹೆಸರು ಗಳಿಸಿತು. ಇಡ್ಲಿಗೆ ಅಲ್ಲಿ ಚಟ್ನಿಯುಂಟು, ಸಾಂಬಾರಿಲ್ಲ. ಗಾಂಧೀಬಜಾರಿನ ವಿದ್ಯಾರ್ಥಿ ಭವನವನ್ನು ೧೯೪೩ರಲ್ಲಿ ಸಾಲಿಗ್ರಾಮದ ಕಡೆಯಿಂದ ಬಂದ ಉರಾಳ ಸೋದರರು, ಹೆಸರೇ ಹೇಳುವಂತೆ ವಿದ್ಯಾರ್ಥಿಗಳಿಗಾಗಿ ತೆರೆದರು. ೧೯೭೦ರಲ್ಲಿ ಅದು ರಾಮಕೃಷ್ಣ ಅಡಿಗರ ಕೈಗೆ ಬಂದಿತು. ಒಂದೇ ತೋಳಿನ ಮೇಲೆ ದೋಸೆಯ ತಟ್ಟೆಗಳನ್ನು ಗೋಪುರದಂತೆ ಪೇರಿಸಿಕೊಂಡು ಬರುವ ಬಡಿಸುವವನೇ ಅಲ್ಲಿಯ ಅಲಂಕಾರ. ಇವುಗಳ ಸರಳತೆಯು ಏನೂ ಇಲ್ಲದಿರುವ ಸರಳತೆಯಲ್ಲ, ಆರಿಸಿಕೊಂಡ ಸರಳತೆ. ನೂರು ತಿಂಡಿಗಳನ್ನು ಅರೆಬರೆಯಾಗಿ ಮಾಡುವುದಕ್ಕಿಂತ ಆರನ್ನು ಸರಿಯಾಗಿ ಮಾಡುವೆನೆಂಬ ಪ್ರತಿಜ್ಞೆ ಅದು. ಪಟ್ಟಿ ಚಿಕ್ಕದಾದಷ್ಟೂ ಹಿಟ್ಟು ಅಂದಂದೇ ಮುಗಿಯುವುದು. ಹಿಟ್ಟು ಮುಗಿದಷ್ಟೂ ಹಳಸಿದ್ದು ಉಳಿಯದು. ಹಳಸಿದ್ದು ಉಳಿಯದಿದ್ದರೆ ನಷ್ಟವಿಲ್ಲ. ನಷ್ಟವಿಲ್ಲದಿದ್ದರೆ ಬೆಲೆಯೂ ಮಿತವಾಗಿರುವುದು. ಇದು ರುಚಿಯ ಮಾತಷ್ಟೇ ಅಲ್ಲ, ಲೆಕ್ಕದ ಮಾತು.

ಹುಲಿಯೂರುದುರ್ಗದವರಿಗೆ ಈ ಲೆಕ್ಕವನ್ನು ದೂರದಿಂದ ತಂದು ಕಲಿಸಬೇಕಾಗಿಲ್ಲ. ಆ ಊರು ಕುಣಿಗಲಿಗೂ ಮದ್ದೂರಿಗೂ ನಡುವಣ ಹಾದಿಯಲ್ಲಿದೆ. ಹಾದಿಯ ಒಂದು ಕೊನೆ ವಡೆಯ ಊರು. ಇನ್ನೊಂದು ಕಡೆ ಕುಣಿಗಲನ್ನು ದಾಟಿ ತುಮಕೂರಿನತ್ತ ನಡೆದರೆ ತಟ್ಟೆ ಇಡ್ಲಿಯ ಕ್ಯಾತಸಂದ್ರ. ಮದ್ದೂರು ವಡೆಯ ಹುಟ್ಟು ೧೯೧೭ರದೆನ್ನುವರು: ರೈಲುನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯರು, ರೈಲು ಬಂದು ನಿಲ್ಲುವ ಹೊತ್ತಿಗೆ ಪಕೋಡ ಮಾಡಿ ಮುಗಿಸಲಾರದೆ, ಹಿಟ್ಟನ್ನು ತೆಳ್ಳಗೆ ತಟ್ಟಿ ಎಣ್ಣೆಗೆ ಬಿಟ್ಟರಂತೆ. ತಟ್ಟೆ ಇಡ್ಲಿಯಾದರೋ, ಸಣ್ಣ ಗುಳಿಗಳ ಬದಲು ಅಗಲವಾದ ತಟ್ಟೆಯಲ್ಲಿ ಹಿಟ್ಟನ್ನು ಹೊಯ್ದು ಬೇಯಿಸಿದ್ದು. ಹೊಟ್ಟೆ ತುಂಬಲು ಒಂದೆರಡೇ ಸಾಕು. ಎರಡೂ ಅವಸರದ ಪ್ರಯಾಣಿಕನ ಹಸಿವಿಗೆ ಒದಗಿದ ತಿಂಡಿಗಳೇ ಹೊರತು ಅರಮನೆಯ ಪಾಕಶಾಲೆಯ ಕೂಸುಗಳಲ್ಲ. ಇಂಥ ತಿಂಡಿಯನ್ನೇ ಇಂದು ಪಟ್ಟಣದ ಥಳಕಿನ ಭೋಜನಶಾಲೆಯು ಕುಸುರಿಯ ತಟ್ಟೆಯಲ್ಲಿಟ್ಟು, ಮೇಲೊಂದು ಸೊಪ್ಪಿನ ಕುಡಿ ಸಿಕ್ಕಿಸಿ, ನಾಲ್ಕು ಪಾಲು ಬೆಲೆಗೆ ಮಾರುವುದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೆಂದ ಹಿರಿಯರು ಇದನ್ನು ಕಂಡಿದ್ದರೆ, ಹಿಟ್ಟಿಗೇ ಮಲ್ಲಿಗೆ ಮುಡಿಸಿದರಲ್ಲಾ ಎಂದು ಬೆರಗಾಗುತ್ತಿದ್ದರು.

ಸುಧಾರಕರ ಮೊದಲನೆಯ ಆಕ್ಷೇಪಣೆ ಶುಚಿತ್ವದ್ದು. ಸರಳವಾದ ಹೋಟೆಲು ಕೊಳಕಾದ ಹೋಟೆಲು. ಆದುದರಿಂದ ಅದನ್ನು ಥಳಥಳಿಸುವಂತೆ ಮಾಡಬೇಕು ಎಂದು ಅವರ ವಾದ. ಕೊಳಕಾದ ಹೋಟೆಲುಗಳಿಲ್ಲವೆಂದು ಯಾರೂ ಹೇಳಲಾರರು. ಮೇಜೊರಸುವ ಬಟ್ಟೆಯಿಂದಲೇ ಲೋಟವನ್ನೊರಸುವ ಕಡೆ ಕಾಫಿ ಕುಡಿಯದಿರುವುದೇ ಮೇಲು. ಆದರೆ ಶುಚಿತ್ವಕ್ಕೂ ಆಡಂಬರಕ್ಕೂ ಏನು ನಂಟು? ಮಾವಳ್ಳಿ ಟಿಫನ್ ರೂಮಿನ ಚರಿತ್ರೆಯೇ ಇದಕ್ಕೆ ಉತ್ತರ. ಪಾರಂಪಳ್ಳಿಯ ಮಯ್ಯ ಸೋದರರು ಅದನ್ನು ೧೯೨೪ರಲ್ಲಿ ಬೆಂಗಳೂರಿನಲ್ಲಿ ತೆರೆದರು. ಯಜ್ಞನಾರಾಯಣ ಮಯ್ಯರು ೧೯೫೧ರಲ್ಲಿ ಐರೋಪ್ಯ ದೇಶಗಳಿಗೆ ಹೋಗಿ ಅಲ್ಲಿಯ ಭೋಜನಶಾಲೆಗಳನ್ನು ನೋಡಿ ಬಂದರು. ಬಂದವರು ಅಲ್ಲಿಯ ದೀಪದ ಗೊಂಚಲುಗಳನ್ನು ತರಲಿಲ್ಲ. ಅಡುಗೆಮನೆಯ ಶಿಸ್ತನ್ನೂ ಪಾತ್ರೆಗಳನ್ನು ಹಬೆಯಿಂದ ಶುದ್ಧಿಮಾಡುವ ಕ್ರಮವನ್ನೂ ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಂಡು ಒಳಗೆ ಹೋಗುವಂತೆ ಏರ್ಪಡಿಸಿದರು. ಮರೆಮಾಚದಿರುವುದೇ ಶುಚಿತ್ವದ ಮೊದಲ ಪಾಠವೆಂದು ಅವರು ತಿಳಿದಿದ್ದರು. ೧೯೮೩ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರರ ಯೋಜನೆಯಿಂದ ಹುಟ್ಟಿದ ಕೆಫೆ ದರ್ಶಿನಿಯೂ ಇದೇ ತತ್ತ್ವವನ್ನು ಹಿಡಿಯಿತು: ನಿಂತು ತಿನ್ನುವ ಕಟ್ಟೆ, ಉಕ್ಕಿನ ಪಾತ್ರೆ, ಎದುರಿಗೇ ಕಾಣುವ ಒಲೆ. ಇವೆಲ್ಲ ಸರಳತೆಯು ತಾನಾಗಿ ಮಾಡಿಕೊಂಡ ಸುಧಾರಣೆಗಳು. ಮೇಲೆ ಥಳಕು, ಒಳಗೆ ಹುಳುಕು ಎಂಬುದು ಹವೆ ತಂಪಾಗಿರುವ ಕೊಠಡಿಗೂ ಹೊಂದಬಹುದಾದ ಗಾದೆ. ಅಲ್ಲಿ ಅಡುಗೆಮನೆಯ ಬಾಗಿಲು ಮುಚ್ಚಿರುವುದೇ ಹೆಚ್ಚು.

ಎರಡನೆಯ ಆಕ್ಷೇಪಣೆಯಲ್ಲಿ ಹುರುಳಿದೆ. ವೃದ್ಧರು ನಿಂತು ತಿನ್ನಲಾರರು. ಹೆಂಗಸರು ಮಕ್ಕಳೊಡನೆ ಬಂದಾಗ ಸಂಕೋಚವಿಲ್ಲದೆ ಕುಳಿತುಕೊಳ್ಳಲು ಎಡೆ ಬೇಕು. ದೂರದಿಂದ ಬಂದವರಿಗೆ ಶೌಚಗೃಹ ಬೇಕು. ಹಳೆಯ ಹೋಟೆಲುಗಳು ಬಹುಕಾಲ ಗಂಡಸರ ಸ್ಥಾನಗಳಾಗಿಯೇ ಇದ್ದುವೆಂಬುದನ್ನೂ ಒಪ್ಪಬೇಕು. ಆದರೆ ಇವು ಅಲಂಕಾರಗಳಲ್ಲ, ಆವಶ್ಯಕತೆಗಳು. ಬೆನ್ನು ಒರಗುವ ಕುರ್ಚಿ, ಕುಡಿಯುವ ನೀರು, ಶುಚಿಯಾದ ಶೌಚಗೃಹ ಇವನ್ನು ಒದಗಿಸಿದುದರಿಂದ ಸರಳತೆಯು ಕೆಡದು. ಒದಗಿಸದೆ ಗೋಡೆಗೆ ಕನ್ನಡಿ ಹಚ್ಚಿದರೆ ನಾಗರಿಕತೆಯು ಬಾರದು. ಸುಧಾರಕರು ಈ ಮೂರನ್ನು ಕೇಳಿ ನಿಲ್ಲಿಸಿದ್ದರೆ ಅವರೊಡನೆ ಜಗಳವೇ ಇರುತ್ತಿರಲಿಲ್ಲ.

ಸರಳವಾದ ಹೋಟೆಲು ಕೇವಲ ಈ ನಾಡಿನ ವಿಶೇಷವೆಂದೂ ಭಾವಿಸಬೇಕಾಗಿಲ್ಲ. ನ್ಯೂಯಾರ್ಕು ಪಟ್ಟಣದ ಚೀನೀಯರ ಕೇರಿಯಲ್ಲಿ, ಮಾಟ್ ಬೀದಿಯ ೧೭ನೆಯ ಸಂಖ್ಯೆಯ ನೆಲಮಾಳಿಗೆಯಲ್ಲಿ, ೧೯೩೮ರಲ್ಲಿ ವೋ ಹಾಪ್ ಎಂಬ ಕ್ಯಾಂಟನ್ ಪದ್ಧತಿಯ ಭೋಜನಶಾಲೆಯೊಂದು ತೆರೆಯಿತು. ಕಡಿದಾದ ಮೆಟ್ಟಿಲನ್ನಿಳಿದು ಹೋಗಬೇಕಾದ ಇಕ್ಕಟ್ಟಿನ ಜಾಗ. ಅಲಂಕಾರವೆಂಬುದು ಹೆಸರಿಗೆ ಮಾತ್ರ. ಆ ಕಾಲದಲ್ಲಿ ಚೀನೀ ಕೂಲಿಗಾರರು ಅಮೆರಿಕಕ್ಕೆ ಬಾರದಂತೆ ೧೮೮೨ರಲ್ಲಿ ಮಾಡಿದ ಕಾನೂನು ಜಾರಿಯಲ್ಲಿತ್ತು; ಅದು ರದ್ದಾದದ್ದು ೧೯೪೩ರಲ್ಲಿ. ಬೇರೆ ಕಸಬುಗಳ ಬಾಗಿಲು ಮುಚ್ಚಿದ್ದವರಿಗೆ ಬಟ್ಟೆಯೊಗೆಯುವ ಅಂಗಡಿಯೂ ಅಡುಗೆಯ ಒಲೆಯೂ ಅನ್ನದ ದಾರಿಯಾದುವು. ಉಡುಪಿಯ ಕಡೆಯಿಂದ ಬರಿಗೈಯಲ್ಲಿ ಘಟ್ಟ ಹತ್ತಿ ಬಂದ ಹುಡುಗರ ಕಥೆ ಇದಕ್ಕೆ ದೂರವಾದುದಲ್ಲ. ಎ. ರಾಮ ನಾಯಕರು ೧೯೪೨ರಲ್ಲಿ ಮುಂಬಯಿಯ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದು, ಊರು ಬಿಟ್ಟು ಬಂದವರಿಗೆ ಬಾಳೆಯೆಲೆಯ ಊಟವನ್ನು ಕೊಟ್ಟರು. ಹೀಗೆ ಎಲ್ಲ ಮಹಾನಗರಗಳಲ್ಲಿಯೂ ಸರಳವಾದ ಊಟದ ಮನೆಯು ಪರಸ್ಥಳದವನ ದುಡಿಮೆಯಿಂದ ನಿಂತಿದೆ, ಪರಸ್ಥಳದವನ ಹಸಿವಿಗಾಗಿ ನಿಂತಿದೆ.

ಇಲ್ಲಿಗೆ ಸುಧಾರಕರ ಮಾತು ಸಾಕು. ಇನ್ನು ಸ್ತುತಿಪಾಠಕರ ಸರದಿ. ಇವರು ಮೂರು ಸಂಗತಿಗಳನ್ನು ಮರೆಯುವರು. ಮರೆಯುವುದರಲ್ಲಿ ಇವರಿಗೆ ಲಾಭವೂ ಇದೆ.

ಮೊದಲನೆಯದು ಜಾತಿ. ಹಳೆಯ ಕಾಲದ ಎಷ್ಟೋ ಫಲಾಹಾರಮಂದಿರಗಳಲ್ಲಿ ಮೇಲುಜಾತಿಯವರಿಗೆ ಬೇರೆ ಪಂಕ್ತಿಯಿತ್ತು. ಕೆಲವರಿಗೆ ಹೊಸ್ತಿಲೇ ನಿಷಿದ್ಧವಾಗಿತ್ತು. ಮಾವಳ್ಳಿಯ ಆ ಪ್ರಸಿದ್ಧ ಹೋಟೆಲಿನ ಮೊದಲ ಹೆಸರೂ ಬ್ರಾಹ್ಮಿನ್ ಕಾಫಿ ಕ್ಲಬ್ ಎಂದೇ ಇದ್ದಿತು. ಈಗಿನ ಹೆಸರು ೧೯೬೦ರಲ್ಲಿ ಲಾಲ್‌ಬಾಗ್ ರಸ್ತೆಯ ಹೊಸ ಕಟ್ಟಡದೊಡನೆ ಬಂದಿತು. ೧೯೫೦ರ ಜನವರಿ ೨೬ರಿಂದ ಜಾರಿಗೆ ಬಂದ ಸಂವಿಧಾನವು ತನ್ನ ೧೫ನೆಯ ಅನುಚ್ಛೇದದಲ್ಲಿ ಅಂಗಡಿ, ಸಾರ್ವಜನಿಕ ಭೋಜನಶಾಲೆ, ಹೋಟೆಲುಗಳ ಪ್ರವೇಶಕ್ಕೆ ಜಾತಿಯ ಅಡ್ಡಿಯಿರಕೂಡದೆಂದು ಹೆಸರಿಸಿ ಹೇಳಿತು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೋಟೆಲಿನಲ್ಲಿ ಎಲ್ಲರ ಬಳಕೆಗಿಟ್ಟ ಪಾತ್ರೆಗಳನ್ನು ಮುಟ್ಟಗೊಡದಿರುವುದನ್ನೂ ಅಪರಾಧವೆಂದಿತು. ಪಾತ್ರೆಯ ಮಾತನ್ನು ಕಾನೂನಿನಲ್ಲಿ ಬರೆಯಬೇಕಾಯಿತೆಂದ ಮೇಲೆ ಲೋಟದಲ್ಲಿ ಎಂಥ ವಿಷವಿತ್ತೆಂಬುದು ತಿಳಿಯುವುದಿಲ್ಲವೆ? ಹಳ್ಳಿಯ ಚಹದಂಗಡಿಗಳ ಎರಡು ಲೋಟದ ಪದ್ಧತಿಯು ಕಾಯಿದೆ ಬಂದ ದಿನವೇ ಸಾಯಲಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಆದುದರಿಂದ ಹಳೆಯದೆಲ್ಲವೂ ಹೊನ್ನೆಂದು ಹಾಡುವವನು ಆ ಹೊನ್ನನ್ನು ಒರೆಗೆ ಹಚ್ಚಿ ನೋಡಲಿ. ಒಂದು ಹೋಟೆಲು ನಿಜವಾಗಿ ಸರಳವೋ ಅಲ್ಲವೋ ಎಂಬುದಕ್ಕೆ ಒರೆಗಲ್ಲು ಒಂದೇ: ಅಲ್ಲಿ ಎಲ್ಲರಿಗೂ ಒಂದೇ ಬೆಂಚು, ಒಂದೇ ಲೋಟ ಇರಬೇಕು. ಇದಿಲ್ಲದ ಕಡೆ ಗೋಡೆ ಎಷ್ಟು ಸಾದಾ ಆಗಿದ್ದರೂ ಅದು ಸರಳತೆಯಲ್ಲ, ಸಾದಾ ಗೋಡೆಯ ಹಿಂದಿನ ಅಹಂಕಾರ.

ಎರಡನೆಯದು ಮಾಣಿ. ಸ್ತುತಿಪಾಠಕರ ಲೇಖನಗಳಲ್ಲಿ ಮಾಣಿಯು ಚುರುಕಾಗಿ ಓಡಾಡುವನು, ಎಲ್ಲರ ಬೇಡಿಕೆಯನ್ನೂ ನೆನಪಿಟ್ಟುಕೊಳ್ಳುವನು, ನಗುವನು. ಅವನು ಎಷ್ಟು ಹೊತ್ತಿಗೆ ಎದ್ದನು, ಎಲ್ಲಿ ಮಲಗುವನು, ತಿಂಗಳಿಗೆ ಏನು ಪಡೆಯುವನು ಎಂಬುದು ಬಾರದು. ಮಾಣಿ ಎಂದರೆ ಹುಡುಗ. ಬಹುಕಾಲ ಅವನು ನಿಜವಾಗಿಯೂ ಹುಡುಗನೇ ಆಗಿದ್ದನು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರು ಹಲವರಿದ್ದಾರೆ. ಕಲಿಯಲು ಅವಕಾಶವೇ ಸಿಗದೆ ಹೋದವರು ಅವರಿಗಿಂತ ಹೆಚ್ಚು. ಹದಿನಾಲ್ಕು ವರ್ಷಕ್ಕೆ ಒಳಗಿನವರನ್ನು ಹೋಟೆಲು ಢಾಬಾಗಳಲ್ಲಿ ದುಡಿಸಬಾರದೆಂಬ ನಿಷೇಧವು ಜಾರಿಗೆ ಬಂದದ್ದು ೨೦೦೬ರ ಅಕ್ಟೋಬರ್ ೧೦ರಂದು. ಸ್ವಾತಂತ್ರ್ಯ ಬಂದು ಐವತ್ತೊಂಬತ್ತು ವರ್ಷಗಳಾದ ಮೇಲೆ! ಅಷ್ಟು ಕಾಲ ದೋಸೆಯು ಅಗ್ಗವಾಗಿದ್ದುದರಲ್ಲಿ ಈ ಹುಡುಗರ ಪಾಲೆಷ್ಟೆಂಬುದನ್ನು ಯಾವ ಸ್ತುತಿಪಾಠಕನೂ ಲೆಕ್ಕ ಹಾಕಿಲ್ಲ. ಸರಳತೆಯೆಂದರೆ ಮಾಲೀಕನು ಆಡಂಬರದಲ್ಲಿ ಉಳಿಸಿದುದು, ಕೂಲಿಯಲ್ಲಿ ಉಳಿಸಿದುದಲ್ಲ.

ಹಾಗಾದರೆ ಕೆಲಸಗಾರನಿಗೆ ನ್ಯಾಯವಾಗಿ ಕೊಟ್ಟು ಸಾದಾ ಹೋಟೆಲು ನಡೆಸುವುದು ಸಾಧ್ಯವೆ ಎಂದು ಕೇಳಬಹುದು. ಸಾಧ್ಯವೆಂದು ಬೆಂಗಳೂರೇ ತೋರಿಸಿತು. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟು ಕೆಲಸಗಾರರು ಬೀದಿಗೆ ಬೀಳುವಂತಾದಾಗ, ಎ. ಕೆ. ಗೋಪಾಲನ್ನರ ಪ್ರೇರಣೆಯಿಂದ ಕೆಲಸಗಾರರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು ೧೯೫೭ರ ಆಗಸ್ಟ್ ೧೯ರಂದು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಮುಂದೆ ಮಹಾತ್ಮಗಾಂಧಿ ರಸ್ತೆಯಲ್ಲಿ ಹತ್ತಿರಹತ್ತಿರ ಐವತ್ತು ವರ್ಷಗಳ ಕಾಲ ಇಂಡಿಯಾ ಕಾಫಿ ಹೌಸು ನಡೆಯಿತು. ಮರದ ಬೆಂಚುಗಳು, ಬಿಳಿಯ ಸಮವಸ್ತ್ರ, ರುಮಾಲಿನ ಬಡಿಸುವವರು, ಗಂಟೆಗಟ್ಟಲೆ ಕುಳಿತರೂ ಎಬ್ಬಿಸದ ಸೌಜನ್ಯ. ೨೦೦೯ರಲ್ಲಿ ಅದು ಆ ಜಾಗವನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಅದನ್ನು ಎಬ್ಬಿಸಿದ್ದು ಕೆಟ್ಟ ಕಾಫಿಯಲ್ಲ, ಕೆಲಸಗಾರರ ಕೂಲಿಯೂ ಅಲ್ಲ, ನೆಲದ ಬೆಲೆ.

ಮೂರನೆಯದು ಬೆಲೆ. ಹೋಟೆಲಿನ ಸರಳತೆಯನ್ನು ಹೊಗಳುವ ಮನೆಯವರೇ ಇಡ್ಲಿಯ ಬೆಲೆಯೇರಿಕೆಯನ್ನು ಸಹಿಸಲಾರರು. ಮದುವೆಯ ಚಪ್ಪರದ ಹೂವಿಗೆ ಸಾವಿರಗಟ್ಟಲೆ ಸುರಿದವರು ಚಟ್ನಿಯನ್ನು ಮೂರನೆಯ ಸಲ ಹಾಕಿಸಿಕೊಳ್ಳುವುದನ್ನು ಜನ್ಮಸಿದ್ಧ ಹಕ್ಕೆಂದು ಭಾವಿಸುವರು. ಬೆಲೆಯನ್ನು ಬಲಾತ್ಕಾರದಿಂದ ಇಳಿಸಿದರೆ ಏನಾಗುವುದೆಂಬುದಕ್ಕೂ ಮಾವಳ್ಳಿಯೇ ನಿದರ್ಶನ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದೇಶವು ಜಪಾನೀಯರ ವಶವಾಗಿ ಅಕ್ಕಿಗೆ ಬರಗಾಲ ಬಂದಾಗ ಆ ಹೋಟೆಲು ಎದೆಗುಂದದೆ ರವೆಯಿಂದ ಇಡ್ಲಿ ಮಾಡಿ ಲೋಕಕ್ಕೆ ಒಂದು ಹೊಸ ತಿಂಡಿಯನ್ನು ಕೊಟ್ಟಿತು. ಅದೇ ಹೋಟೆಲು, ೧೯೭೫ರ ತುರ್ತುಪರಿಸ್ಥಿತಿಯಲ್ಲಿ ಸರ್ಕಾರವು ತಿಂಡಿಗಳ ಬೆಲೆಯನ್ನು ಅತಿಯಾಗಿ ತಗ್ಗಿಸುವಂತೆ ಕಟ್ಟುಮಾಡಿದಾಗ, ಗುಣವನ್ನು ತಗ್ಗಿಸಲೊಲ್ಲದೆ ಬಾಗಿಲು ಹಾಕಿತು. ಕೆಲಸಗಾರರ ಜೀವನಕ್ಕಾಗಿ ಪಕ್ಕದಲ್ಲಿ ಸಾಂಬಾರು ಪುಡಿ, ತಿಂಡಿಯ ಹಿಟ್ಟುಗಳ ಮಾರಾಟ ಆರಂಭವಾಯಿತು. ಆ ಪೊಟ್ಟಣಗಳ ಉದ್ಯಮವು ಬೆಳೆದು ೨೦೦೭ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕಂಪೆನಿಯ ಪಾಲಾಯಿತು; ಹೋಟೆಲು ಮಾತ್ರ ಮತ್ತೆ ತೆರೆದು ಮನೆತನದಲ್ಲಿಯೇ ಉಳಿಯಿತು. ಬರವು ಮಾಡಲಾರದ ಕೆಲಸವನ್ನು ಅಗ್ಗದ ಆಜ್ಞೆಯು ಮಾಡಿತೆಂಬುದನ್ನು ವಿಚಾರಶೀಲರು ಗಮನಿಸಲಿ. ಬಡವನಿಗೆ ಅಗ್ಗದ ಊಟ ಬೇಡವೆಂದು ಇದರ ಅರ್ಥವಲ್ಲ. ೨೦೧೭ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದು ಐದು ರೂಪಾಯಿಗೆ ತಿಂಡಿಯನ್ನೂ ಹತ್ತಕ್ಕೆ ಊಟವನ್ನೂ ಕೊಟ್ಟುದು ಸರಿಯಾದ ದಾರಿಯೇ. ಅಲ್ಲಿ ಕೊರತೆಯನ್ನು ಸರ್ಕಾರದ ಬೊಕ್ಕಸವು ತುಂಬುವುದು. ತನ್ನ ಕೈಯಿಂದಲೇ ಬಂಡವಾಳ ಹಾಕಿದವನಿಂದ ಆ ಬೆಲೆಯನ್ನು ನಿರೀಕ್ಷಿಸುವುದು ದಾನವನ್ನು ಪರರ ಗಂಟಿನಿಂದ ಮಾಡಿದಂತೆ.

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ೧೯೫೪ರಿಂದ ನಡೆದು ಬಂದ ನ್ಯೂ ಕೃಷ್ಣಭವನವು ೨೦೨೩ರ ಡಿಸೆಂಬರಿನಲ್ಲಿ ಮುಚ್ಚಿತು. ಇಂಥ ಹೋಟೆಲು ಮುಚ್ಚುವ ಕೊನೆಯ ದಿನಗಳಲ್ಲಿ ಜನ ಸಾಲುಗಟ್ಟುವರು, ಚಿತ್ರ ತೆಗೆದುಕೊಳ್ಳುವರು, ಕಣ್ಣೀರಿಡುವರು. ಕಣ್ಣೀರು ಸುಳ್ಳಲ್ಲ, ಆದರೆ ತಡವಾದುದು. ಅರ್ಧ ಶತಮಾನ ಕಾಲ ಒಂದು ಬೀದಿಯ ಜನಕ್ಕೆ ಬೆಳಗಿನ ಕಾಫಿಯನ್ನು ಕೊಟ್ಟ ನೆಲವನ್ನು ಹೆಚ್ಚು ಹಣ ಕೊಟ್ಟವನಿಗೆ ಮಾರಬಹುದೆಂದು ಒಪ್ಪಿಕೊಂಡ ಸಮಾಜವು ಬಾಗಿಲು ಮುಚ್ಚಿದ ದಿನ ಅತ್ತರೆ ಪ್ರಯೋಜನವೇನು?

ಬೆಂಗಳೂರಿನ ನೆಲವನ್ನು ಉಳಿಸುವುದು ಈ ಜಿಲ್ಲೆಯ ಜನರ ಕೈಯಲ್ಲಿಲ್ಲ. ಆದರೆ ಕುಣಿಗಲು, ಗುಬ್ಬಿ, ಹುಲಿಯೂರುದುರ್ಗಗಳ ನೆಲವು ಅವರ ಕೈಯಲ್ಲಿದೆ. ಇಂಥ ಊರುಗಳಲ್ಲಿ ಬಸ್ಸಿಗಾಗಿ ಕಾಯುವ ರೈತನಿಗೆ, ಆಸ್ಪತ್ರೆಗೆ ಬಂದ ಬಾಣಂತಿಯ ತಾಯಿಗೆ, ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಹೊರಟ ವಿದ್ಯಾರ್ಥಿಗೆ ಸಾದಾ ಹೋಟೆಲು ವಿಲಾಸದ ವಸ್ತುವಲ್ಲ. ಬಸ್ ನಿಲ್ದಾಣ ಸಂತೆಮಾಳಗಳ ಬಳಿ ಪಂಚಾಯತಿ ಪುರಸಭೆಗಳಿಗೆ ಸೇರಿದ ಮಳಿಗೆಗಳನ್ನು ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಕೊಡುವುದೇ ರೂಢಿ. ಹೆಚ್ಚು ಕೂಗಿದವನು ಆ ಹಣವನ್ನು ಎಲ್ಲಿಂದ ತೆಗೆಯುವನು? ಇಡ್ಲಿಯ ಗಾತ್ರದಿಂದ, ಎಣ್ಣೆಯ ಗುಣದಿಂದ, ಕೆಲಸದವನ ಕೂಲಿಯಿಂದ. ಹೀಗೆ ಪಂಚಾಯತಿಯ ಬೊಕ್ಕಸಕ್ಕೆ ಬಂದ ಅಧಿಕ ಬಾಡಿಗೆಯು ಬಡವನ ತಟ್ಟೆಯಿಂದಲೇ ಬಂದ ತೆರಿಗೆಯಾಗುವುದು. ಇದರ ಬದಲು ಒಂದೆರಡು ಮಳಿಗೆಗಳನ್ನು ಮಿತವಾದ ಬಾಡಿಗೆಗೆ, ದೀರ್ಘವಾದ ಕರಾರಿಗೆ, ಕಟ್ಟುಪಾಡಿನ ಮೇಲೆ ಕೊಡಲಿ: ಬೆಲೆಯ ಹಲಗೆಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು, ಅಡುಗೆಮನೆ ತೆರೆದಿರಬೇಕು, ಕುಡಿಯುವ ನೀರೂ ಶೌಚಗೃಹವೂ ಇರಬೇಕು, ಕೆಲಸದವರಿಗೆ ಕಾನೂನಿನ ಕೂಲಿ ಸಲ್ಲಬೇಕು, ಲೋಟವು ಒಂದೇ ಬಗೆಯದಾಗಿರಬೇಕು. ಈ ಐದನ್ನು ಪಾಲಿಸುವವನಿಂದ ಬಾಡಿಗೆಯಲ್ಲಿ ಆಗುವ ನಷ್ಟವು ಊರಿಗೆ ಆಗುವ ಲಾಭ.

ವಿದ್ಯಾವಂತರ ಮನೆಗಳಿಗೂ ಇದರಲ್ಲಿ ಒಂದು ಕರ್ತವ್ಯವಿದೆ. ಮುಂದಿನ ಪಂಚಾಯತಿಯ ಹರಾಜಿಗೆ ಮುಂಚೆ ಈ ಐದು ಕಟ್ಟುಪಾಡುಗಳನ್ನು ಬರೆದು ಸದಸ್ಯರ ಕೈಗೆ ಕೊಡುವುದು, ಬೆಲೆಯೇರಿದ ದಿನ ಗೊಣಗುವುದಕ್ಕೆ ಮುಂಚೆ ಏಕೆ ಏರಿತೆಂದು ವಿಚಾರಿಸುವುದು, ಬಡಿಸುವವನನ್ನು ಹೆಸರಿಡಿದು ಬಹುವಚನದಲ್ಲಿ ಮಾತನಾಡಿಸುವುದು. ಇಷ್ಟನ್ನು ಮಾಡದೆ ಹಳೆಯ ಹೋಟೆಲಿನ ಮೇಲೆ ಪ್ರಬಂಧ ಬರೆಯುವವರು, ಓದಿ ನಿಟ್ಟುಸಿರಿಡುವವರು, ಅದರ ತಿಥಿಯೂಟಕ್ಕೆ ಮಾತ್ರ ಬರುವ ನೆಂಟರು. ಉಪಾಹಾರಗೃಹಕ್ಕೆ ಬೇಕಾದುದು ಅದು ಬದುಕಿರುವಾಗ ಬಂದು ಸರಿಯಾದ ಬೆಲೆ ಕೊಡುವ ಗಿರಾಕಿ.